ಅಲ್ಲಮನ ಕತೆ ಯಾಕೆ ಬದಲಾಯಿತು?

ಗೋಕಾಕ ಸೀಮೆಯ ಮಮದಾಪುರದಂಥ ಊರುಗಳಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಹೇಳುತ್ತಾರೆ, ಗವಾಯಿಗಳು ಹಾಡುತ್ತಾರೆ. ಕೂತು ಕೇಳುವವರಿಗೆ ಶರಣರ ಸಿದ್ಧಾಂತವಾದ ಷಟ್‌ಸ್ಥಲದ ಆರು ಹೆಸರು ನೆನಪಿರಲಿಕ್ಕಿಲ್ಲ. ಬನವಾಸಿಯ ಮಾಯೆ ವಚನಕಾರ ಅಲ್ಲಮನ ಮದ್ದಳೆಗೆ ಮರುಳಾದದ್ದು ಮಾತ್ರ ಗೊತ್ತಿರುತ್ತದೆ.

ಈ ಕತೆ ಮೊದಲು ಹೀಗಿರಲಿಲ್ಲ. ಸುಮಾರು 1200ರ ಹೊತ್ತಿನ ಹರಿಹರನ ರಗಳೆಯಲ್ಲಿ ಅಲ್ಲಮ ಕಾಮಲತೆ ಎಂಬವಳನ್ನು ಮನಸಾರೆ ಪ್ರೀತಿಸುತ್ತಾನೆ. ಅವಳು ಜ್ವರ ಬಂದು ತೀರಿಕೊಳ್ಳುತ್ತಾಳೆ. ದುಃಖದಲ್ಲಿ ಅಲೆಯುತ್ತ, ಕಾಲುಗುರಿನಿಂದ ನೆಲ ಕೆರೆಯುತ್ತ ಕೂತವನಿಗೆ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಅಗೆಸಿ ಒಳಹೊಕ್ಕರೆ ಅನಿಮಿಷಯ್ಯನೆಂಬ ಶಿವಯೋಗಿ, ಅವನ ಅಂಗೈಯಲ್ಲಿ ಲಿಂಗ. ನನಗೆ ಈ ಅಲ್ಲಮನೇ ಹೆಚ್ಚು ಹತ್ತಿರದವನು.

ಹದಿನೈದನೆಯ ಶತಮಾನದ ಚಾಮರಸ ಇದನ್ನು ಒಪ್ಪಲಿಲ್ಲ. ಅವನ ‘ಪ್ರಭುಲಿಂಗಲೀಲೆ’ಯಲ್ಲಿ ಪಾರ್ವತಿಯ ತಾಮಸ ಕಳೆಯೇ ಮಾಯೆಯಾಗಿ ಹುಟ್ಟುತ್ತದೆ, ತಂದೆ ಮಮಕಾರ, ತಾಯಿ ಮೋಹಿನಿ. ಅಲ್ಲಮ ಅವಳ ಕೈಗೆ ಸಿಗುವುದೇ ಇಲ್ಲ. ಅಷ್ಟರಲ್ಲಿ ಅವನು ಅನುಭವ ಮಂಟಪದ ಶೂನ್ಯಸಿಂಹಾಸನವೇರಿದ ಪ್ರಭು, ಶರಣರಿಗೆಲ್ಲ ಗುರು. ಅಂಥವನು ಹೆಣ್ಣಿಗಾಗಿ ಅತ್ತನೆಂದರೆ ಸಿದ್ಧಾಂತಕ್ಕೆ ಸೇರದು. ಹಾಗಾಗಿ ಸಿದ್ಧಾಂತವೇ ಕತೆಯನ್ನು ತಿದ್ದಿತು.

ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದು ‘ಶೂನ್ಯಸಂಪಾದನೆ’ ಕಟ್ಟಿದ. ಅಲ್ಲಮ ಕೇಳುತ್ತಾನೆ, ಅಕ್ಕಮಹಾದೇವಿ ಉತ್ತರಿಸುತ್ತಾಳೆ. ಮುಂದೆ ಮೂವರು ಅದನ್ನು ಪರಿಷ್ಕರಿಸಿದರು. ಗೋಕಾಕದಲ್ಲಿ ಆ ಗ್ರಂಥದ ಹೆಸರಿನ ಮಠವೇ ಇದೆ. ಶತಮಾನಗಟ್ಟಲೆ ವಚನ ಓದುವುದೆಂದರೆ ಬಹುಪಾಲು ಇಂಥ ಹೆಣಿಗೆ, ಟೀಕೆಗಳ ಒಳಗೇ ಓದುವುದಾಗಿತ್ತು.

ಆ ಹೆಣಿಗೆಯಿಂದ ವಚನಗಳನ್ನು ಹೊರತಂದವರಲ್ಲಿ ಮುಖ್ಯರು ವಿಜಯಪುರದ ವಕೀಲ ಫ. ಗು. ಹಳಕಟ್ಟಿ. ತಾಳೆಗರಿ ಹುಡುಕಿ, ಕೈಯಾರೆ ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. 1925ರಲ್ಲಿ ತಮ್ಮದೇ ‘ಹಿತಚಿಂತಕ’ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ. ಈ ಕೆಲಸಕ್ಕಾಗಿ ಮನೆಯನ್ನೂ ಮಾರಿದರು. ಈ ಋಣ ದೊಡ್ಡದು.

ಆಗ ಸಾಮಾನ್ಯ ಓದುಗನೂ ಪುರಾಣವನ್ನು ವಚನದ ಪಕ್ಕಕ್ಕಿಟ್ಟು ನೋಡುವಂತಾಯಿತು. 1369ರ ಭೀಮಕವಿಯ ‘ಬಸವಪುರಾಣ’ದಲ್ಲಿ ಬಸವಣ್ಣ ನಂದಿಯ ಅವತಾರ, ವಚನಗಳಲ್ಲಿ ತನ್ನ ತಪ್ಪುಗಳನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಮನುಷ್ಯ. 2017–18ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮವೆಂಬ ವಾದ ಎದ್ದಾಗಲೂ ಒಂದು ಕಡೆಯವರು ವಚನಗಳನ್ನು ಮುಂದಿಟ್ಟರು. ಇನ್ನೊಂದು ಕಡೆಯವರು ‘ಸಿದ್ಧಾಂತ ಶಿಖಾಮಣಿ’ಯನ್ನೂ, ಲಿಂಗದಿಂದ ಉದಿಸಿದ ರೇಣುಕಾಚಾರ್ಯರ ಕತೆಯನ್ನೂ ಮುಂದಿಟ್ಟರು.