ಆಟದ ತೆರೆಯಿಂದ ಸ್ವರ್ಗದೇಗುಲಕ್ಕೆ



'ಏಜ್ ಆಫ್ ಎಂಪೈರ್ಸ್' ಎಂಬ ಕಂಪ್ಯೂಟರ್ ಆಟದ ಎರಡನೆಯ ಭಾಗ 1999ರಲ್ಲಿ ಹೊರಬಂದಿತು. ಮಧ್ಯಯುಗದ ರಾಜ್ಯಗಳನ್ನು ಕಟ್ಟಿ ಬೆಳೆಸುವ ಈ ಆಟದಲ್ಲಿ ಚರಿತ್ರೆಯನ್ನು ತಿಳಿಸುವ ಪುಟಗಳೂ ಇವೆ. ಚೀನಾದ ಪಕ್ಷವನ್ನು ಆರಿಸಿಕೊಂಡವರು ಅದರಲ್ಲಿ ಕಟ್ಟುವ 'ಅದ್ಭುತ'ವೆಂದರೆ ಬೀಜಿಂಗ್ ನಗರದ ಸ್ವರ್ಗದೇಗುಲ. ಅದನ್ನು ಕಟ್ಟಿ ನಿಗದಿತ ಅವಧಿಯವರೆಗೆ ಕಾಪಾಡಿದರೆ ಗೆಲುವು. ಹೀಗಾಗಿ ಮಗುವಿನ ಪಾಲಿಗೆ ಆ ದೇಗುಲ ಕೇವಲ ಜಯದ ಗುರುತು.

ವಾಸ್ತವದಲ್ಲಿ ಅದು ಬೆಳೆಗಾಗಿ ಬೇಡಿಕೊಂಡ ಸ್ಥಳ. ವರ್ಷಾರಂಭದಲ್ಲಿ ಚಕ್ರವರ್ತಿ ಇಲ್ಲಿ ಸಮೃದ್ಧ ಫಸಲಿಗಾಗಿ ಪ್ರಾರ್ಥಿಸುತ್ತಿದ್ದನು. ಪ್ರಾರ್ಥನಾ ಮಂದಿರವನ್ನು ಹೊತ್ತಿರುವುದು 28 ಮರದ ಕಂಬಗಳು. ನಡುವಿನ 4 ಕಂಬಗಳು ಋತುಗಳನ್ನೂ, ಅವುಗಳ ಸುತ್ತಲಿನ 12 ತಿಂಗಳುಗಳನ್ನೂ, ಹೊರಸುತ್ತಿನ 12 ಚೀನೀಯರು ದಿನವನ್ನು ವಿಭಾಗಿಸಿದ 12 ಜಾವಗಳನ್ನೂ ಸೂಚಿಸುತ್ತವೆ. ಕಟ್ಟಡವೇ ರೈತನ ಪಂಚಾಂಗ.

ಇದೇ ಆವರಣದ ವೃತ್ತಾಕಾರದ ಬಲಿಪೀಠವು ಗಣಿತದ ಪಾಠದಂತಿದೆ. ಮೇಲಿನ ಜಗಲಿಯ ನಡುಗಲ್ಲಿನ ಸುತ್ತ ಮೊದಲ ಸುತ್ತಿಗೆ 9 ಕಲ್ಲು, ಎರಡನೆಯದಕ್ಕೆ 18, ಒಂಬತ್ತನೆಯದಕ್ಕೆ 81. ಅದು ಕಲ್ಲಿನಲ್ಲಿ ಹಾಸಿದ ಒಂಬತ್ತರ ಮಗ್ಗಿ. ಶಾಲೆಯ ಅಂಗಳದಲ್ಲಿ ಮಕ್ಕಳು ಹರಳುಗಳಿಂದ ಮೂರು ಸುತ್ತು ಜೋಡಿಸಿದರೆ ನಾಲ್ಕನೆಯದನ್ನು ತಾವೇ ಹೇಳುವರು.

ಚರಿತ್ರೆಯ ತರಗತಿಗೆ ಇನ್ನೊಂದು ಪ್ರಶ್ನೆಯಿದೆ. ದೇಗುಲ ಮೊದಲು ನಿರ್ಮಾಣಗೊಂಡದ್ದು 1420ರಲ್ಲಿ. ಆಗ ಪ್ರಾರ್ಥನಾ ಮಂದಿರ ಆಯತಾಕಾರದ್ದು. ಮೂರು ಚಾವಣಿಯ ದುಂಡು ರೂಪ ಬಂದದ್ದು 1545ರಲ್ಲಿ. ಮೂರು ಬಣ್ಣದ ಹಂಚುಗಳು ಹೋಗಿ ಎಲ್ಲವೂ ನೀಲಿಯಾದದ್ದು 1751ರಲ್ಲಿ. 1889ರಲ್ಲಿ ಸಿಡಿಲಿನಿಂದ ಸುಟ್ಟ ಮಂದಿರವನ್ನು 1896ರ ಹೊತ್ತಿಗೆ ಮತ್ತೆ ಕಟ್ಟಲಾಯಿತು. ಹಾಗಾದರೆ ಆಟದ ತೆರೆಯ ಮೇಲಿರುವುದು ಯಾವ ಕಾಲದ ದೇಗುಲ? ಚಿತ್ರವನ್ನು ನಂಬುವ ಮುನ್ನ ಪರೀಕ್ಷಿಸುವ ಅಭ್ಯಾಸ ಈ ಒಂದು ಪ್ರಶ್ನೆಯಿಂದ ಆರಂಭವಾಗಬಲ್ಲದು.

ಗಡಿಯಾಚೆಯ ಕನ್ನಡ ಶಾಲೆಯ ಮಗುವಿಗೆ ಬೀದಿಯ ನುಡಿ ಬೇರೆ, ಆಟದ ನುಡಿ ಇಂಗ್ಲಿಷ್. ಹೊಸ ತಿಳಿವೆಲ್ಲ ಅನ್ಯಭಾಷೆಯದು, ಕನ್ನಡವಿರುವುದು ಪರೀಕ್ಷೆಗೆ ಮಾತ್ರ ಎಂಬ ಭಾವನೆ ಅಲ್ಲಿಯೇ ಬೇರೂರುತ್ತದೆ. ಅದನ್ನು ಉಪದೇಶದಿಂದ ಕೀಳಲಾಗದು. ಕಂಬ, ತೊಲೆ, ಜಗಲಿ, ಹಂಚು, ಮಗ್ಗಿ ಎಂಬ ಮನೆಮಾತುಗಳಲ್ಲೇ ಬೀಜಿಂಗಿನ ದೇಗುಲವನ್ನು ಮಗು ವರ್ಣಿಸಿ ಐದು ವಾಕ್ಯ ಬರೆಯಲಿ. ದೂರದ ಲೋಕವನ್ನು ಹೇಳಲು ತನ್ನ ನುಡಿ ಸಾಲುತ್ತದೆಂಬುದು ಆಗ ಅದಕ್ಕೆ ತಾನೇ ಮನವರಿಕೆಯಾಗುತ್ತದೆ.