ನೀರಿಗೆ ತಾಗದ ಹಿಮ್ಮಡಿ

1932ರಲ್ಲಿ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸನ್ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಬದಿಯಲ್ಲಿ, ಬೇಲಿಯ ಹಲಗೆಗಳ ಸಂದಿಯಿಂದ ಒಂದು ಫೋಟೋ ತೆಗೆದರು. ನಿಂತ ನೀರನ್ನು ದಾಟಲು ಟೋಪಿ ತೊಟ್ಟ ಒಬ್ಬಾತ ಹಾರಿದ್ದಾನೆ. ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು, ತಾಗಿಲ್ಲ.

ಎಲ್ಲರೂ ಆ ಕ್ಷಣವನ್ನೇ ಹೊಗಳುತ್ತಾರೆ. ನನ್ನ ಕಣ್ಣು ಹೋಗುವುದು ನೀರಿನ ಕಡೆಗೆ. ಅವನ ಹಿಂದೆ ಬಿದ್ದಿರುವ ಏಣಿಯ ಸುತ್ತ ಆಗಲೇ ಅಲೆ ಎದ್ದಿದೆ. ಮುಂದಿನ ನೀರು ಮಾತ್ರ ಕನ್ನಡಿಯಂತೆ ನಿಶ್ಚಲ; ಅಲ್ಲಿ ಅವನದೇ ಪ್ರತಿಬಿಂಬ ತಲೆಕೆಳಗಾಗಿ ಕಾಯುತ್ತಿದೆ. ಕಾಲು ಊರಿದ್ದರೆ ಆ ಬಿಂಬ ಚೂರಾಗುತ್ತಿತ್ತು, ಚಿತ್ರವೂ ಉಳಿಯುತ್ತಿರಲಿಲ್ಲ.

ಈಗ ಹಿನ್ನೆಲೆ ನೋಡಿ. ಅಲ್ಲಿ ಅಂಟಿಸಿದ ಪೋಸ್ಟರಿನಲ್ಲೂ ಒಂದು ನರ್ತಿಸುವ ಆಕೃತಿ ಕಾಲು ಚಾಚಿ ಹಾರಿದೆ, ಎದುರು ದಿಕ್ಕಿಗೆ! ಅದು ವೇದಿಕೆಯ ಕುಣಿತ. ಇದು ಷೂ ಒದ್ದೆಯಾದೀತೆಂಬ ಅವಸರ. ಎರಡಕ್ಕೂ ಒಂದೇ ಚೆಲುವು. ಇನ್ನು ಚೌಕಟ್ಟಿನ ಮಾತು: ಫೋಟೋದ ಅಂಚು ಕತ್ತರಿಸುವುದು ಕಾರ್ತಿಯೇ-ಬ್ರೆಸನ್ನರಿಗೆ ಸಾಮಾನ್ಯವಾಗಿ ಒಗ್ಗದ ಕೆಲಸ. ಇಲ್ಲಿ ಬೇಲಿಯ ಹಲಗೆ ಅಡ್ಡ ಬಂದಿದ್ದ ಎಡಭಾಗವನ್ನು ತೆಗೆಯಲೇಬೇಕಾಯಿತು.

ಹಾರಿದವನ ಮುಖ ನಮಗೆ ಕಾಣುವುದಿಲ್ಲ. ಅದು ಕಾಣದಿರುವುದರಿಂದಲೇ ಅವನು ಯಾರು, ಎಲ್ಲಿಗೆ ಇಷ್ಟು ಧಾವಂತ ಎಂದು ಕೇಳುತ್ತ ಮತ್ತೆ ಮತ್ತೆ ಆ ಚಿತ್ರದ ಮುಂದೆ ನಿಲ್ಲುತ್ತೇನೆ.