ಈಜುಕೊಳ ಗುಡಿಸುವ ಯಂತ್ರ ಮತ್ತು ನಾವು ಕಲಿಯಬೇಕಾದ ಪಾಠ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ಮಹತ್ವದ ಬಗ್ಗೆ ಎರಡು ಮಾತು ಆಡಬೇಕೆಂದು ನನಗೆ ಹೇಳಿದ್ದಾರೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ, ವಿಜ್ಞಾನದವನಲ್ಲ. ಆದ್ದರಿಂದ ದೊಡ್ಡ ವಿಷಯ ಬಿಟ್ಟು ಒಂದು ಸಣ್ಣ ಯಂತ್ರದ ಬಗ್ಗೆ ಮಾತ್ರ ಹೇಳುತ್ತೇನೆ. ಈ ಯಂತ್ರ ನನಗೆ ಪರಿಚಯವಾದದ್ದು ಒಂದು ಫೋನ್ ಕರೆಯಿಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಫೇಲಾಗಿ ಓದು ಬಿಟ್ಟ. ಈಗ ದುಬೈನಲ್ಲಿ ಒಂದು ಅಪಾರ್ಟ್‌ಮೆಂಟಿನ ಈಜುಕೊಳ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಒಂದು ರಾತ್ರಿ ಫೋನ್ ಮಾಡಿದ. "ಸಾರ್, ಕೊಳದ ತಳ ಗುಡಿಸುವ ಮೆಷಿನ್ ಮೂರು ದಿನದಿಂದ ಒಂದೇ ಮೂಲೆಯಲ್ಲಿ ಸುತ್ತುತ್ತಿದೆ. ಸೂಪರ್‌ವೈಸರ್ ನನ್ನನ್ನೇ ಬೈಯುತ್ತಾರೆ, ಸಂಬಳ ಹಿಡಿಯುತ್ತೇನೆ ಎನ್ನುತ್ತಾರೆ. ಅದಕ್ಕೆ ಮೋಟರ್ ಇಲ್ಲ, ಕರೆಂಟ್ ವೈರ್ ಇಲ್ಲ, ಕಣ್ಣಿಲ್ಲ. ಹಾಗಾದರೆ ಅದು ನಡೆಯುವುದಾದರೂ ಹೇಗೆ, ತಿರುಗುವುದಾದರೂ ಹೇಗೆ?" ವಿಜ್ಞಾನದ ಮೇಷ್ಟ್ರನ್ನು ಯಾಕೆ ಕೇಳಲಿಲ್ಲ ಎಂದೆ. "ನೀವು ಬೈಯುವುದಿಲ್ಲ ಸಾರ್" ಎಂದ. ಆ ಮಾತು ಉಪಾಧ್ಯಾಯರಾದ ನಮ್ಮೆಲ್ಲರಿಗೂ ಸೇರಿದ್ದು.

ನನಗೆ ಉತ್ತರ ಗೊತ್ತಿರಲಿಲ್ಲ. ಎರಡು ದಿನದ ಸಮಯ ಕೇಳಿ ಓದಿದೆ, ತಿಳಿದವರನ್ನು ಕೇಳಿದೆ. ಕಲಿತದ್ದನ್ನು ಈಗ ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳೋಣ. ಸ್ಟ್ರಾದಲ್ಲಿ ಶರಬತ್ತು ಕುಡಿಯುವಾಗ ನಾವು ಅದನ್ನು ಎಳೆಯುತ್ತೇವೆ ಎಂದುಕೊಳ್ಳುತ್ತೇವೆ. ಹಾಗಲ್ಲ. ನಾವು ಸ್ಟ್ರಾದೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತೇವೆ ಅಷ್ಟೆ. ಹೊರಗಿನ ಗಾಳಿ ಶರಬತ್ತನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿಗೆ ಭಾರವಿದೆ ಎಂಬುದನ್ನು 1643ರಲ್ಲಿ ಇಟಲಿಯ ಟಾರಿಸೆಲ್ಲಿ ಪಾದರಸದ ನಳಿಕೆಯಿಂದ ತೋರಿಸಿಕೊಟ್ಟರು. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ತೂಕದಷ್ಟು ಗಾಳಿಯ ಒತ್ತಡವಿರುತ್ತದೆ. ಉರ್ದುವಿನಲ್ಲಿ 'ಹವಾ ಕಾ ದಬಾವ್' ಎಂದರೂ ಅದೇ, ಕನ್ನಡದಲ್ಲಿ 'ವಾಯುವಿನ ಒತ್ತಡ' ಎಂದರೂ ಅದೇ.

ಈಜುಕೊಳದ ದಂಡೆಯಲ್ಲಿ ನೀರನ್ನು ಸೋಸಲು ಒಂದು ಪಂಪ್ ಇರುತ್ತದೆ. ಅದರ ಹೀರುಬಾಯಿಗೆ ಉದ್ದನೆಯ ಹೋಸ್ ಪೈಪನ್ನು ಸಿಕ್ಕಿಸಿ, ಇನ್ನೊಂದು ತುದಿಗೆ ಈ ಗುಡಿಸುವ ಯಂತ್ರವನ್ನು ಜೋಡಿಸುತ್ತಾರೆ. ಪಂಪ್ ಪೈಪಿನೊಳಗೆ ಒತ್ತಡ ತಗ್ಗಿಸುತ್ತದೆ. ಕೊಳದ ನೀರು ಯಂತ್ರದ ಅಡಿಯಿಂದ ನುಗ್ಗುತ್ತದೆ. ಮರಳು, ಎಲೆ, ಧೂಳು ಅದರೊಂದಿಗೆ ಹೋಗಿ ಫಿಲ್ಟರಿನಲ್ಲಿ ಉಳಿಯುತ್ತವೆ. ಇದು ಗುಡಿಸುವ ಕೆಲಸ. ಇನ್ನು ನಡೆಯುವ ಕೆಲಸ.

1974ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಫರ್ಡಿನಾಂಡ್ ಶೋವಿಯೆ ಎಂಬ ಇಂಜಿನಿಯರ್ 'ಕ್ರೀಪಿ ಕ್ರಾಲಿ' ಎಂಬ ಯಂತ್ರವನ್ನು ತಯಾರಿಸಿದರು. ಈ ಬಗೆಯ ಯಂತ್ರದೊಳಗೆ ಓಲಾಡುವ ಒಂದು ನಾಲಿಗೆ ಇರುತ್ತದೆ. ಅದರ ಎರಡು ಬದಿಗೂ ನೀರಿಗೆ ದಾರಿ. ನೀರು ಒಂದು ದಾರಿಯಲ್ಲಿ ರಭಸದಿಂದ ಹರಿದಾಗ ಅಲ್ಲಿ ಒತ್ತಡ ತಗ್ಗಿ, ನಾಲಿಗೆ ಆ ಕಡೆಗೇ ಬಿದ್ದು ದಾರಿ ಮುಚ್ಚುತ್ತದೆ. ಆಗ ಇನ್ನೊಂದು ದಾರಿ ತೆರೆಯುತ್ತದೆ. ನೀರು ಅಲ್ಲಿ ರಭಸವಾಗುತ್ತದೆ, ನಾಲಿಗೆ ಮತ್ತೆ ಅತ್ತ ಬೀಳುತ್ತದೆ. ಟಕ್, ಟಕ್ ಎಂದು ಇದು ನಡೆಯುತ್ತಲೇ ಇರುತ್ತದೆ.

ಇದರಿಂದ ಯಂತ್ರ ಮುಂದೆ ಹೋಗುವುದು ಹೇಗೆ? ಒಂದು ಲೆಕ್ಕ ಮಾಡಿ. ಪೈಪಿನ ಒಳವ್ಯಾಸ 38 ಮಿಲಿಮೀಟರ್, ಉದ್ದ 10 ಮೀಟರ್ ಎಂದಿಟ್ಟುಕೊಳ್ಳಿ. ಅದರೊಳಗೆ ಸುಮಾರು 11 ಲೀಟರ್, ಅಂದರೆ 11 ಕಿಲೋಗ್ರಾಂ ನೀರಿರುತ್ತದೆ. ನಿಮಿಷಕ್ಕೆ 100 ಲೀಟರ್ ಹರಿದರೆ ಆ ನೀರು ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ನಾಲಿಗೆ ದಾರಿ ಮುಚ್ಚಿದಾಗ ಓಡುವ ನೀರು ತಟ್ಟನೆ ನಿಲ್ಲಲಾರದು. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ವಾಲುತ್ತಾರಲ್ಲವೇ? ಅದೇ ಜಡತ್ವ. ಮುಂದೋಡುವ ನೀರು ಯಂತ್ರವನ್ನೂ ಜಗ್ಗುತ್ತದೆ. ಹರಿವು ತಡೆದ ಆ ಅರೆಕ್ಷಣದಲ್ಲಿ ತಳದ ಹಿಡಿತವೂ ಸಡಿಲವಾಗುತ್ತದೆ. ಯಂತ್ರ ಒಂದು ಪುಟ್ಟ ಹೆಜ್ಜೆ ಇಡುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ನಾಲಿಗೆಯ ಬದಲು ರಬ್ಬರಿನ ನಳಿಕೆಯೊಂದು ಮುಚ್ಚಿ ತೆರೆಯುತ್ತಾ ಇದೇ ಕೆಲಸ ಮಾಡುತ್ತದೆ.

ತಿರುಗುವುದು ಹೇಗೆ? ನಾಲಿಗೆಯ ಯಂತ್ರಕ್ಕೆ ನಕ್ಷೆ ಇಲ್ಲ. ಗೋಡೆಗೆ ತಾಗಿದಾಗ ಮುಂದಿರುವ ತಿರುಗುವ ಚಕ್ರ ಅದನ್ನು ಪಕ್ಕಕ್ಕೆ ಜಾರಿಸುತ್ತದೆ. ಪೈಪಿನ ಕೀಲು ತಿರುಗುತ್ತದೆ. ನೇರವಾದ ಪೈಪು ಅದನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಹೋಗಲು ಬಿಡುತ್ತದೆ. ಗೊತ್ತುಗುರಿ ಇಲ್ಲದಂತೆ ಕಂಡರೂ ಕೆಲವು ಗಂಟೆ ಅಲೆದಾಡಿದ ಮೇಲೆ ತಳದ ಬಹುಭಾಗ ಚೊಕ್ಕಟವಾಗಿರುತ್ತದೆ.

ಇನ್ನೊಂದು ಬಗೆಯ ಯಂತ್ರ ಇದಕ್ಕಿಂತ ಜಾಣ. ಅದರೊಳಗೆ ಹರಿಯುವ ನೀರು ಒಂದು ಪುಟ್ಟ ಟರ್ಬೈನನ್ನು ತಿರುಗಿಸುತ್ತದೆ. ಹಳ್ಳಿಯ ನೀರುಗಿರಣಿಯಂತೆ. ಹಲ್ಲುಚಕ್ರಗಳು ಆ ವೇಗವನ್ನು ತಗ್ಗಿಸಿ ಯಂತ್ರವನ್ನು ನಡೆಸುತ್ತವೆ. ಅದೇ ಹಲ್ಲುಚಕ್ರಗಳು ಉಬ್ಬುತಗ್ಗಿರುವ ಬಿಲ್ಲೆಯೊಂದನ್ನು ಬಹಳ ನಿಧಾನವಾಗಿ ತಿರುಗಿಸುತ್ತವೆ. ಇದಕ್ಕೆ ಕ್ಯಾಮ್ ಎನ್ನುತ್ತಾರೆ. ಉಬ್ಬು ಬಂದಾಗ ಬಲಕ್ಕೆ, ತಗ್ಗು ಬಂದಾಗ ಎಡಕ್ಕೆ, ನಡುವೆ ನೇರಕ್ಕೆ. ಇಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಎಂದರೆ ಆ ಬಿಲ್ಲೆಯ ಅಂಚೇ. ಸ್ವಂತ ಮೋಟರ್, ಎಲೆಕ್ಟ್ರಾನಿಕ್ ಮಿದುಳು ಇರುವ ವಿದ್ಯುತ್ ರೋಬೋಟುಗಳೂ ಇಂದು ಇವೆ. ಆದರೆ ಹೀರಿಕೆಯಿಂದ ನಡೆಯುವ ಈ ಯಂತ್ರಗಳಿಗೆ ಅದಾವುದೂ ಬೇಕಿಲ್ಲ.

ವಿದ್ಯಾರ್ಥಿಗಳೇ, ಇದು ಪರರ ವಿದ್ಯೆ ಎಂದು ತಿಳಿಯಬೇಡಿ. 9ನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂಬ ಮೂವರು ಸಹೋದರರು 'ಕಿತಾಬುಲ್ ಹಿಯಲ್' ಎಂಬ ಗ್ರಂಥದಲ್ಲಿ ನೀರು ಮತ್ತು ಗಾಳಿಯ ಒತ್ತಡದಿಂದ ತಾವಾಗಿಯೇ ನಡೆಯುವ ಉಪಕರಣಗಳನ್ನು ವಿವರಿಸಿದರು. 1206ರಲ್ಲಿ ಅಲ್ ಜಝರಿ ಬರೆದ ಗ್ರಂಥದಲ್ಲಿ ಹೀರುಕೊಳವೆಗಳಿರುವ ಎರಡು ಸಿಲಿಂಡರಿನ ಪಂಪಿದೆ, ಹಲ್ಲುಚಕ್ರಗಳಿವೆ, ಕ್ಯಾಮ್ ಕೂಡ ಇದೆ. ನಮ್ಮ ಹಿರಿಯರು ಹೀಗಿದ್ದರು ಎಂದು ಸಭೆಗಳಲ್ಲಿ ಹೆಮ್ಮೆಪಡುವುದು ಸುಲಭ. ಅವರಂತೆ ಕೈಯಲ್ಲಿ ಉಪಕರಣ ಹಿಡಿದು ಬಿಚ್ಚಿ ನೋಡುವವರು ನಮ್ಮಲ್ಲಿ ಎಷ್ಟು ಮಂದಿ?

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹೀರಿಕೆ ಆಟವಲ್ಲ. 20 ಸೆಂಟಿಮೀಟರ್ ವ್ಯಾಸದ ಒಂದು ರಂಧ್ರದ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಅದರೊಳಗೆ ಒತ್ತಡ ಐದರಲ್ಲಿ ಒಂದು ಭಾಗ ತಗ್ಗಿದರೂ ಅದನ್ನು ಮುಚ್ಚಿದ ದೇಹದ ಮೇಲೆ 60 ಕಿಲೋಗ್ರಾಂ ತೂಕಕ್ಕಿಂತ ಹೆಚ್ಚಿನ ಬಲ ಬೀಳುತ್ತದೆ. 2002ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಮಂತ್ರಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ಬಿಸಿನೀರಿನ ತೊಟ್ಟಿಯ ತಳದ ರಂಧ್ರಕ್ಕೆ ಸಿಲುಕಿ ತೀರಿಕೊಂಡಳು. 2007ರಲ್ಲಿ ಅಲ್ಲಿ ಅವಳ ಹೆಸರಿನಲ್ಲೇ ಕಾನೂನು ಬಂದು, ಇಂಥ ರಂಧ್ರಗಳಿಗೆ ಸುರಕ್ಷಿತ ಮುಚ್ಚಳ ಕಡ್ಡಾಯವಾಯಿತು. ಕೊಳಕ್ಕೆ ಇಳಿಯುವಾಗ ತಳದ ಜಾಲರಿ, ಗೋಡೆಯ ರಂಧ್ರಗಳ ಬಳಿ ಹೋಗಬೇಡಿ. ಅವುಗಳ ಮುಚ್ಚಳ ಮುರಿದಿದ್ದರೆ ಯಾರೂ ನೀರಿಗೆ ಇಳಿಯಕೂಡದು.

ಈಗ ನಮ್ಮ ಹುಡುಗನ ಕಥೆ. ಇಷ್ಟನ್ನೂ ಫೋನಿನಲ್ಲಿ ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಅವನಿಗೆ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಹಾಗಾದರೆ ತಪ್ಪು ಮೆಷಿನಿನದಲ್ಲ, ಪೈಪಿನದು" ಎಂದ. ಕೆಲಸ ಮುಗಿದ ಮೇಲೆ ಅವನು ದಿನವೂ ಪೈಪನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಇಡುತ್ತಿದ್ದ. ಬಿಸಿಲಿಗೆ ಪ್ಲಾಸ್ಟಿಕ್ ಆ ಸುರುಳಿಯ ಆಕಾರವನ್ನೇ ಹಿಡಿದಿತ್ತು. ನೀರಿನಲ್ಲಿಯೂ ಪೈಪು ಸುರುಳಿಯಾಗಲು ನೋಡುತ್ತಿತ್ತು, ಯಂತ್ರ ಅದರ ಹಿಂದೆ ಸುತ್ತುತ್ತಿತ್ತು. ಅವನು ಪೈಪನ್ನು ಎರಡು ದಿನ ಬಿಸಿಲಿನಲ್ಲಿ ನೇರವಾಗಿ ಹಾಸಿಟ್ಟ. ಮೂರನೆಯ ದಿನ ಯಂತ್ರ ಕೊಳದ ತುಂಬ ಓಡಾಡಿತು.

ಗಮನಿಸಿ, ಆ ಉತ್ತರವನ್ನು ನಾನು ಹೇಳಲಿಲ್ಲ, ಅವನೇ ಕಂಡುಕೊಂಡ. ವಿಜ್ಞಾನದಲ್ಲಿ ಫೇಲ್ ಎಂದು ನಾವು ಬರೆದು ಕಳಿಸಿದ ಹುಡುಗ ಅವನು. ಅವನು ನಮ್ಮ ತರಗತಿಯಲ್ಲಿ ಕುಳಿತಿದ್ದಾಗ ಪ್ರಶ್ನೆ ಕೇಳಲಿಲ್ಲ ಏಕೆ? ಪಾಲಕರೇ, ಶಿಕ್ಷಕ ಮಿತ್ರರೇ, ಇದನ್ನು ಮನೆಗೆ ಹೋಗಿ ಯೋಚಿಸಿ. ನಾನೂ ಯೋಚಿಸುತ್ತಿದ್ದೇನೆ. ವಿದ್ಯಾರ್ಥಿಗಳೇ, ಬೈಗುಳಕ್ಕೆ ಹೆದರಿ ಪ್ರಶ್ನೆಯನ್ನು ನುಂಗಬೇಡಿ. ನುಂಗಿದ ಪ್ರಶ್ನೆಗೆ ಮುಂದೊಂದು ದಿನ ಸಂಬಳ ಕೊಟ್ಟು ಉತ್ತರ ಕೊಳ್ಳಬೇಕಾಗುತ್ತದೆ.

ಕಳೆದ ತಿಂಗಳು ಅವನು ಮತ್ತೆ ಫೋನ್ ಮಾಡಿದ್ದ. ರಜೆಗೆ ಬರುವಾಗ ಖಾಸಗಿಯಾಗಿ ಪರೀಕ್ಷೆ ಕಟ್ಟುತ್ತಾನಂತೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಬೇಕೆಂದ. ಯಾವ ಮಾಧ್ಯಮದ್ದು ಎಂದು ಕೇಳಿದೆ. "ಎರಡೂ ಕಳಿಸಿ ಸಾರ್, ಒಂದರಲ್ಲಿ ತಿಳಿಯದ್ದು ಇನ್ನೊಂದರಲ್ಲಿ ತಿಳಿಯುತ್ತದೆ" ಎಂದ. ಎರಡನ್ನೂ ಕಳಿಸಿದ್ದೇನೆ. ಅವನಿಗಾಗಿ ನೀವೆಲ್ಲರೂ ದುಆ ಮಾಡಿ.